ಹನ್ನೊಂದು ಸಾವಿರ ಹೆಜ್ಜೆ

ಶನಿವಾರ ಬೆಳಿಗ್ಗೆ ಫೋನಿನ ಪರದೆಯ ಮೇಲೆ ಆಸ್ಪತ್ರೆಯ ಮೇಡಂ ಮುಖ ಮೂಡಿದಾಗ ಡ್ರಿಲ್ ಮೇಷ್ಟ್ರು ಹೊಗಳಿಸಿಕೊಳ್ಳಲು ಸಿದ್ಧರಾಗಿ, ಕಾಲರ್ ಸರಿಮಾಡಿಕೊಂಡು ಕೂತಿದ್ದರು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರಿಗೆ ಫೋನಿನಲ್ಲೇ ವ್ಯಾಯಾಮ ಹೇಳಿಕೊಟ್ಟು, ವಾರಕ್ಕೊಮ್ಮೆ ವಿಚಾರಿಸುವುದು ಆ ಮೇಡಂ ಕೆಲಸ. ಕಳೆದ ಎರಡು ಶನಿವಾರ ಅವರು ಮೇಷ್ಟ್ರನ್ನು ಹೊಗಳಿದ್ದೇ ಹೊಗಳಿದ್ದು. ಇವತ್ತು ಮಾತ್ರ ನಗಲಿಲ್ಲ.

“ಸರ್, ನೀವು ಮನೆಯಲ್ಲಿ ಏನು ಮಾಡ್ತಾ ಇದ್ದೀರಿ?”

ಮೇಷ್ಟ್ರು ಏನೂ ಮಾಡುತ್ತಿರಲಿಲ್ಲ. ಮೂವತ್ತೆರಡು ವರ್ಷ ಶಾಲೆಯ ಮೈದಾನದಲ್ಲಿ ಕುರ್ಚಿ ಹಾಕಿಸಿಕೊಂಡು, ಸೀಟಿ ಊದಿ ಸಾವಿರಾರು ಮಕ್ಕಳನ್ನು ಓಡಿಸಿದ ಮನುಷ್ಯ ಅವರು. ತಾವು ಓಡಿದ್ದನ್ನು ಕಂಡವರಿಲ್ಲ. ಆಸ್ಪತ್ರೆಯವರು ಹೆಜ್ಜೆಯನ್ನೂ ಎದೆಬಡಿತವನ್ನೂ ಎಣಿಸುವ ಪಟ್ಟಿಯೊಂದನ್ನು ಅವರ ಕೈಗೆ ಕಟ್ಟಿ, ದಿನಕ್ಕೆ ಆರು ಸಾವಿರ ಹೆಜ್ಜೆ ನಡೆಯಿರಿ ಎಂದು ಕಳಿಸಿದ್ದರು. ಮೊದಲ ವಾರ ಒಂಬೈನೂರು ದಾಟಲಿಲ್ಲ. ಅದರಲ್ಲೂ ಅರ್ಧ ಬಚ್ಚಲಿಗೆ ಹೋಗಿಬಂದ ಪುಣ್ಯ. ಒಂದು ದಿನ ಸ್ನಾನಕ್ಕೆ ಹೋಗುವಾಗ ಪಟ್ಟಿ ಬಿಚ್ಚಿ ಹೆಂಡತಿಗೆ ಕೊಟ್ಟರು. ಎಲ್ಲಾದರೂ ಬಿದ್ದು ಒಡೆದೀತೆಂದು ಆಕೆ ಅದನ್ನು ತನ್ನ ಕೈಗೇ ಕಟ್ಟಿಕೊಂಡಳು, ಆಮೇಲೆ ಇಬ್ಬರಿಗೂ ಮರೆತುಹೋಯಿತು. ಸಂಜೆ ಫೋನಿನಲ್ಲಿ ಬಣ್ಣಬಣ್ಣದ ನಕ್ಷತ್ರಗಳು ಉದುರಿದವು. ಹನ್ನೊಂದು ಸಾವಿರ ಹೆಜ್ಜೆ, ಭೇಷ್!

ಅಲ್ಲಿಂದ ಮುಂದೆ ಪಟ್ಟಿ ಆಕೆಯ ಕೈಯಲ್ಲೇ ಉಳಿಯಿತು. ಹೇಗೂ ಇವಳು ನಡೆದೇ ನಡೆಯುತ್ತಾಳೆ, ಆ ಹೆಜ್ಜೆಗಳು ಸುಮ್ಮನೆ ಯಾಕೆ ಹಾಳಾಗಬೇಕು ಎಂಬುದು ಮೇಷ್ಟ್ರ ನ್ಯಾಯ. ಗಂಡ ಹೆಂಡತಿ ಅಂದಮೇಲೆ ನಿನ್ನ ಕಾಲು ನನ್ನ ಕಾಲು ಅಂತ ಭೇದ ಉಂಟೇ ಎಂದೂ ಕೇಳಿದ್ದರು. ಒಗೆದ ಬಟ್ಟೆಯ ಬಕೆಟ್ ಹಿಡಿದು ಮಹಡಿ ಹತ್ತುವಾಗ ಆಕೆ ಅರ್ಧ ಮೆಟ್ಟಿಲಿಗೇ ನಿಂತು ಸುಧಾರಿಸಿಕೊಳ್ಳುತ್ತಿದ್ದಳು. ಕೆಳಗೆ ಆರಾಮಕುರ್ಚಿಯಲ್ಲಿ ಕೂತ ಮೇಷ್ಟ್ರು, ನಿಲ್ಲಬೇಡ, ನಿಂತರೆ ಲಯ ತಪ್ಪುತ್ತೆ ಎಂದು ಕೂಗಿ ಹೇಳುತ್ತಿದ್ದರು. ಹೇಳುವವರಿಗೇನು, ಮಾಡುವವರ ಪಾಡು ಮಾಡುವವರಿಗೇ ಗೊತ್ತು.

ಮೇಡಂ ತಮ್ಮ ಮುಂದಿದ್ದ ಲೆಕ್ಕವನ್ನು ಓದತೊಡಗಿದರು. ಬೆಳಗಿನ ಐದಕ್ಕೆ ಶುರುವಾದ ಓಡಾಟ ರಾತ್ರಿ ಹತ್ತೂವರೆಯಾದರೂ ನಿಲ್ಲುವುದಿಲ್ಲ. ದಿನಕ್ಕೆ ಒಂಬತ್ತು ಸಲ ಮಹಡಿ. ಮಧ್ಯಾಹ್ನ ಅರ್ಧ ಗಂಟೆಯ ಬಿಡುವೂ ಇಲ್ಲ. ಈ ವಾರವಂತೂ ಮೆಟ್ಟಿಲು ಹತ್ತಿದಾಗಲೆಲ್ಲ ಎದೆಬಡಿತ ನೂರೈವತ್ತು ಮುಟ್ಟಿದೆ, ಇಳಿಯಲು ಇಪ್ಪತ್ತು ನಿಮಿಷ ಹಿಡಿದಿದೆ. ಕೂಲಿ ಆಳು ಕೂಡ ಹೀಗೆ ದುಡಿಯುವುದಿಲ್ಲ ಸರ್, ನಿಮ್ಮನ್ನು ಹೀಗೆ ದುಡಿಸುತ್ತಿರುವವರು ಯಾರು ಎಂದು ಕೇಳಿದರು. ಮೇಷ್ಟ್ರು ಮತ್ತೊಮ್ಮೆ ಕಾಲರ್ ಸರಿಮಾಡಿಕೊಂಡರು.

“ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗುತ್ತಾ?”

ಮೇಷ್ಟ್ರು ಫೋನನ್ನು ಅಂಗಿಗೆ ಒತ್ತಿಕೊಂಡು, ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಹೆಂಡತಿಯ ಕಡೆ ತಿರುಗಿದರು. “ಆಗುತ್ತೇನೇ?” ಎಂದು ಪಿಸುಗುಟ್ಟಿದರು. ಆಕೆ ತಲೆಯಾಡಿಸಿದಳು.

“ಆಗುತ್ತೆ ಮೇಡಂ.”

“ಎಡಗೈ ಸೆಳೆತ?”

ಮತ್ತೆ ತಿರುಗಿದರು. ಆಕೆ ಭುಜದಿಂದ ಮೊಣಕೈವರೆಗೆ ಸವರಿ ತೋರಿಸಿದಳು. ಎಷ್ಟು ದಿನದಿಂದ ಎಂದು ಮೇಷ್ಟ್ರು ಕೇಳಿದರು.

“ನಿಮ್ಮನ್ನ ಆಸ್ಪತ್ರೆಗೆ ಸೇರಿಸೋಕೆ ಮುಂಚಿನಿಂದ್ಲೂ ಇದೆ ರೀ.”

ನಲವತ್ತು ವರ್ಷದ ಸಂಸಾರದಲ್ಲಿ ಅವರು ಹೆಂಡತಿಯ ಮೈ ಹೇಗಿದೆ ಎಂದು ಕೇಳಿದ್ದು ಅದೇ ಮೊದಲು. ಅದೂ ಮೇಡಂ ಬಾಯಿಂದ ಬಂದ ಪ್ರಶ್ನೆ. ಮೇಷ್ಟ್ರಿಗೆ ಭಯವಾಯಿತು, ತಮ್ಮ ಎದೆ ನೊಂದ ದಿನವೂ ಆಗದಂಥ ಭಯ.

ಮೇಡಂ ಕೂಡಲೇ ಆಂಬುಲೆನ್ಸ್ ಕಳಿಸುವುದಾಗಿ ಹೇಳಿ, ಫೋನನ್ನು ಮನೆಯವರಿಗೆ ಕೊಡಿ ಎಂದರು. ಆಕೆಗೆ ಒಂದೊಂದಾಗಿ ಅಪ್ಪಣೆಯಾಯಿತು: ಅವರನ್ನು ಕೂರಿಸಿ, ನೀರಿನ ಲೋಟವನ್ನೂ ಎತ್ತಲು ಬಿಡಬೇಡಿ, ನಾಲ್ಕು ಬಟ್ಟೆ ಚೀಲಕ್ಕೆ ಹಾಕಿಡಿ, ಎಲ್ಲ ನೀವೇ ಓಡಾಡಿ ನೋಡಿಕೊಳ್ಳಬೇಕಮ್ಮ. ಆಕೆ ಆಗಲಿ, ಆಗಲಿ ಎನ್ನುತ್ತ ಫೋನನ್ನು ಗಂಡನ ಕೈಗಿಟ್ಟು, ಚೀಲ ತರಲು ಮಹಡಿಯ ಕಡೆ ಹೊರಟೇಬಿಟ್ಟಳು. ಮೊದಲ ಮೆಟ್ಟಿಲ ಮೇಲೆ ಕಾಲೂ ಇಟ್ಟಳು.

“ನಿಲ್ಲು” ಎಂದರು ಮೇಷ್ಟ್ರು. ಆಮೇಲೆ ಫೋನಿಗೆ ಹೇಳಿದರು, “ಮೇಡಂ, ಪಟ್ಟಿ ನನ್ನ ಕೈಯಲ್ಲಿಲ್ಲ. ಹದಿನೆಂಟು ದಿನದಿಂದ ಇವಳ ಕೈಯಲ್ಲಿದೆ.”

ಮೇಡಂ ಮತ್ತೆ ಲೆಕ್ಕದ ಕಡೆ ನೋಡಿದರು. “ಹಾಗಾದ್ರೆ ಈ ಎದೆಬಡಿತ?”

“ಇವಳದ್ದು.”

“ನಿಮ್ಮದು?”

“ನನ್ನದು ಸುಮ್ಮನೆ ಕೂತಿದೆ ಮೇಡಂ.”

ಮೇಡಂ ಬೈಯಲಿಲ್ಲ, ಬೈಯಲು ಪುರುಸೊತ್ತಿರಲಿಲ್ಲ. ಹಾಗಾದರೆ ಈಗ ಹೇಳಿದ್ದೆಲ್ಲ ಅವರಿಗೆ, ಹತ್ತು ನಿಮಿಷದಲ್ಲಿ ಗಾಡಿ ಬಾಗಿಲಲ್ಲಿರುತ್ತದೆ, ಅವರು ಕೂತಲ್ಲಿಂದ ಏಳಕೂಡದು ಎಂದು ಹೇಳಿ ಫೋನಿಟ್ಟರು.

ಹೆಂಡತಿ ಮೆಲ್ಲಗೆ ಬಂದು ಆರಾಮಕುರ್ಚಿಯಲ್ಲಿ ಕೂತಳು. ಹಿಂದೆಂದೂ ಅದರಲ್ಲಿ ಕೂತವಳಲ್ಲ, ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಮೇಷ್ಟ್ರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಮೇಲೆ ಕಪಾಟಿನ ಬಾಗಿಲು ತೆಗೆದ ಸದ್ದಾಯಿತು, ಮುಚ್ಚಿದ ಸದ್ದಾಯಿತು, ಇನ್ನೊಂದು ತೆಗೆದ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಸಣ್ಣ ದನಿಯೊಂದು ಇಳಿದು ಬಂತು.

“ಲೇ ಇವಳೇ, ನಿನ್ನ ಬಟ್ಟೆ ಎಲ್ಲಿರುತ್ತೆ?”

ಆಕೆ ಅಭ್ಯಾಸಬಲದಿಂದ ಏಳಹೋದಳು. ಮತ್ತೆ ಹಿಂದಕ್ಕೆ ಒರಗಿ, ಕಣ್ಣು ಮುಚ್ಚಿಕೊಂಡಳು.

“ಹುಡುಕಿ” ಎಂದಳು.