ಎದೆಯ ಮೇಲಿನ ಹೆಸರು

“ಮೇಡಂ, ಇದೊಂದನ್ನ ಬೇರೆ ಬರ್ಕೊಡ್ತೀರಾ?” ಎಂದು ಅಟೆಂಡರ್ ತನ್ನ ಹೆಸರಿನ ಬ್ಯಾಡ್ಜನ್ನು ಪ್ರಾಧ್ಯಾಪಕಿಯ ಮೇಜಿನ ಮೇಲಿಟ್ಟ. ಸಭೆಗೆ ಇನ್ನು ಅರ್ಧ ಗಂಟೆಯಿತ್ತು.

ವಿಶ್ವವಿದ್ಯಾಲಯದಲ್ಲಿ ಅಂದು ‘ಎಲ್ಲರೂ ನಮ್ಮವರು’ ಎಂಬ ದಿನ. ಕುಲಪತಿಯಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಒಂದೇ ಬಗೆಯ ಕುರ್ಚಿ, ಒಂದೇ ಅಳತೆಯ ಬ್ಯಾಡ್ಜು. ಅದರ ಮೇಲೆ ಹುದ್ದೆ ಬರೆಯುವಂತಿಲ್ಲ, ಹೆಸರು ಮಾತ್ರ. ಯೋಚನೆ ಪ್ರಾಧ್ಯಾಪಕಿಯದೇ. ಸಮಿತಿಯನ್ನು ಆರು ತಿಂಗಳು ಹೆಗಲ ಮೇಲೆ ಹೊತ್ತು ತಿರುಗಿದವಳೂ ಅವಳೇ. ದೇವರು ಆಕೆಗೆ ಒಳ್ಳೆಯ ಕೈಬರಹ ಕೊಟ್ಟಿದ್ದ. ಆ ದಿನ ಬೆಳಿಗ್ಗೆ ಅವನಿಗೆ ಕೈಮುಗಿದೇ ಶಾಯಿ ಮುಟ್ಟಿ, ತನ್ನ ವಿಭಾಗದ ಮೂವತ್ತೊಂದು ಬ್ಯಾಡ್ಜುಗಳನ್ನೂ ತಾನೇ ಕೂತು ಬರೆದಿದ್ದಳು. ಗುಮಾಸ್ತ ಹೆಸರಿನ ಪಟ್ಟಿ ತಂದು, ಒಂದ್ಸಲ ಕಣ್ಣಾಡಿಸಿಬಿಡಿ ಎಂದು ಗಂಟಲು ಸರಿಮಾಡಿಕೊಂಡಾಗ, ಮನೆಯವರ ಹೆಸರು ಬರೆಯೋದಕ್ಕೂ ಪಟ್ಟಿ ನೋಡ್ತಾರೇನಯ್ಯಾ ಎಂದು ನಕ್ಕು ಹಿಂದಕ್ಕೆ ಕಳಿಸಿದ್ದಳು. ಅವನು ಇನ್ನೇನೋ ಹೇಳಲು ಬಾಯಿ ತೆರೆದವನು, ತನಗ್ಯಾಕೆ ಊರ ಉಸಾಬರಿ ಎಂಬಂತೆ ಮುಚ್ಚಿಕೊಂಡು ಹೋಗಿದ್ದ.

ಆಕೆ ಬ್ಯಾಡ್ಜನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಶಾಯಿ ಹರಡಿರಲಿಲ್ಲ. ಒತ್ತು, ಕೊಂಬು ಎಲ್ಲ ಇದ್ದಲ್ಲೇ ಇದ್ದವು.

“ಮುತ್ತಿನ ಹಾಗೆ ಬಂದಿದೆಯಲ್ಲಯ್ಯಾ ಅಕ್ಷರ. ಏನಾಗಿದೆ ಇದಕ್ಕೆ?”

“ಅಕ್ಷರಕ್ಕೇನೂ ಆಗಿಲ್ಲ ಮೇಡಂ. ಹೆಸರು ನಮ್ಮಣ್ಣಂದು. ಅವನು ತೀರ್ಕೊಂಡು ಒಂಬತ್ತು ವರ್ಷ ಆಯ್ತು.”

ತಮಾಷೆಯೆಂದು ನಗಲು ಹೊರಟವಳು ಅವನ ಮುಖ ನೋಡಿ ಅರ್ಧಕ್ಕೇ ನಿಂತಳು. ಅವನು ಬೇರೆ ಯಾರದೋ ಕಾಗದ ಓದಿ ಹೇಳುವವನಂತೆ ಮೆಲ್ಲಗೆ ಹೇಳಿದ. ಈ ಕೋಣೆಗೆ ಮೊದಲಿದ್ದ ಅಟೆಂಡರ್ ಅವನಣ್ಣ. ಆ ವರ್ಷ ಆಕೆ ಪಾಠ ಹೇಳಲು ನಾಲ್ಕು ತಿಂಗಳು ಹೊರದೇಶಕ್ಕೆ ಹೋಗಿದ್ದಳು. ಅಷ್ಟರಲ್ಲಿ ಅಣ್ಣ ಒಂದು ಬೆಳಿಗ್ಗೆ ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ. ಅತ್ತಿಗೆ ಹಾಸಿಗೆ ಹಿಡಿದಿದ್ದರಿಂದ ಕೆಲಸ ತಮ್ಮನ ಪಾಲಿಗೆ ಬಂತು. ಇಬ್ಬರದೂ ಒಂದೇ ಮೈಕಟ್ಟು, ಒಂದೇ ದನಿ. ಮೈಮೇಲಿದ್ದ ಸಮವಸ್ತ್ರವೂ ಅಣ್ಣನದೇ. ಆಕೆ ಮರಳಿ ಬಂದ ದಿನ ಬಾಗಿಲಲ್ಲೇ ಅಣ್ಣನ ಹೆಸರು ಕೂಗಿ ಕಾಫಿ ತರಲು ಹೇಳಿದಳು. ಇವನು ಬಂದೆ ಮೇಡಂ ಎಂದ.

“ಮೊದಲನೇ ದಿನ ಸಂಕೋಚ. ಎರಡನೇ ದಿನ ಹೇಳಿದ್ರೆ, ನಿನ್ನೆ ಯಾಕೆ ಓಗೊಟ್ಟೆ ಅಂತೀರಿ ಅನ್ಕೊಂಡೆ. ಆಮೇಲೆ, ಅಣ್ಣನ ಹೆಸರನ್ನ ಯಾರೋ ದಿನಕ್ಕೆ ಹತ್ತು ಸಲ ಕರೀತಿದ್ರೆ ಅದೂ ಒಂಥರಾ ಸಮಾಧಾನವೇ ಆಗೋಯ್ತು.”

ಆ ದಿನ ಪ್ರಾಧ್ಯಾಪಕಿಗೂ ನೆನಪಿತ್ತು. ಒಂದು ಗುಟುಕು ಕಾಫಿ ಕುಡಿದು, ನಾಲ್ಕೇ ತಿಂಗಳಲ್ಲಿ ಕೈರುಚಿ ಕೆಡಿಸ್ಕೊಂಡ್ಯಲ್ಲಯ್ಯಾ ಎಂದು ರೇಗಿಸಿದ್ದಳು. ಕಾಫಿ ಬದಲಾದದ್ದು ತಟ್ಟನೆ ತಿಳಿದಿತ್ತು. ಲೋಟ ತಂದಿಟ್ಟವನ ಮುಖ ನೋಡಿದ್ದು ಮಾತ್ರ ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ.

ಇಷ್ಟು ವರ್ಷ ಸುಮ್ಮನಿದ್ದು ಇವತ್ತೇ ಯಾಕೆ ಹೇಳಿದೆ ಎಂದು ಹೇಗೋ ಕೇಳಿದಳು.

“ಇದನ್ನೂ ಹಾಕ್ಕೊಂಡು ಓಡಾಡ್ತಿದ್ದೆ ಮೇಡಂ. ಆದ್ರೆ ಅಣ್ಣನ ಮಗಳು ಈ ವರ್ಷ ಇಲ್ಲೇ ಓದೋಕೆ ಸೇರಿದಾಳೆ, ಇವತ್ತು ಸಭೆಗೂ ಬರ್ತಾಳೆ. ನನ್ನನ್ನ ಇಲ್ಲಿ ಏನಂತ ಕರೀತಾರೆ ಅನ್ನೋದು ಅವಳಿಗೆ ಗೊತ್ತಿಲ್ಲ. ಅವರಪ್ಪನ ಹೆಸರು ನನ್ನ ಎದೆ ಮೇಲೆ ಕಂಡ್ರೆ ಮಗು ತಡ್ಕೊಳ್ಳತ್ತಾ?”

ಆಕೆ ಖಾಲಿ ಬ್ಯಾಡ್ಜೊಂದನ್ನು ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದಳು. ಪೆನ್ನು ಕಾಗದ ಮುಟ್ಟುವ ಮೊದಲೇ ನಿಂತಿತು.

“ನಿಮ್ಮ ಹೆಸರು?”

ಅವನಿಗೆ ಆಕೆ ಬಹುವಚನ ಹಚ್ಚಿದ್ದು ಅದೇ ಮೊದಲು. ಅವನು ಹೇಳಿದ. ಮೂರೇ ಅಕ್ಷರ, ಮೂರೂ ಸೊಟ್ಟಗೆ ಬಿದ್ದವು. ಅವನು ಅದನ್ನೇ ಎದೆಗೆ ಚುಚ್ಚಿಕೊಂಡು, ಅಣ್ಣನ ಹೆಸರನ್ನ ಇಷ್ಟು ಅಂದವಾಗಿ ಯಾರೂ ಬರೆದಿರಲಿಲ್ಲ, ಮನೇಲಿಡ್ತೀನಿ ಎಂದು ಹಳೆಯದನ್ನು ಜೇಬಿಗಿಳಿಸಿದ. ಸಭಾಂಗಣದ ಬಾಗಿಲಲ್ಲಿ ನಿಂತು ಮೂರನೇ ಸಾಲಿನ ತುದಿಯಲ್ಲಿದ್ದ ಹಳದಿ ಅಂಗಿಯ ಹುಡುಗಿಯನ್ನು ತೋರಿಸಿದ. ಗಲ್ಲದ ಮೇಲಿನ ಗುಳಿ ಇವನದೇ ಥರ. ಎಂದರೆ, ಅಣ್ಣನದು.

ಪ್ರಾಧ್ಯಾಪಕಿ ವೇದಿಕೆ ಹತ್ತಿದಳು. ಕೈಯಲ್ಲಿದ್ದ ಹಾಳೆಯ ಮೊದಲ ಸಾಲು ‘ಇಲ್ಲಿ ಗುರುತಿಲ್ಲದವರು ಯಾರೂ ಇಲ್ಲ’ ಎಂದಿತ್ತು. ಅದನ್ನು ಬಿಟ್ಟು ಎರಡನೇ ಸಾಲಿಗೆ ಹೋಗೋಣವೆಂದುಕೊಂಡಳು. ಮೈಕು ಸತ್ತಿತ್ತು. ಎರಡು ಸಲ ಬೆರಳಿಂದ ತಟ್ಟಿದರೂ ಉಸಿರೆತ್ತಲಿಲ್ಲ. ಆಕೆ ಬಾಗಿಲ ಕಡೆ ನೋಡಿದಳು. ಒಂಬತ್ತು ವರ್ಷ ಪಳಗಿದ ನಾಲಗೆ ಮನಸ್ಸಿಗಾಗಿ ಕಾಯಲಿಲ್ಲ; ಎಂದಿನ ಹೆಸರನ್ನೇ ಕೂಗಿ ಕರೆದೇಬಿಟ್ಟಳು. ಅದೇ ಗಳಿಗೆಗೆ ಮೈಕಿಗೆ ಜೀವ ಬಂತು. ಹೆಸರು ಹಿಂದಿನ ಗೋಡೆಗೆ ಬಡಿದು ಮತ್ತೊಮ್ಮೆ ಕೇಳಿಸಿತು.

ಬಾಗಿಲಲ್ಲಿದ್ದ ಅಟೆಂಡರ್ ಓಗೊಡಲಿಲ್ಲ.

ಮೂರನೇ ಸಾಲಿನಲ್ಲಿ ಹಳದಿ ಅಂಗಿಯ ಹುಡುಗಿ ಎದ್ದು ನಿಂತು, ಯಾರೋ ಬರುವುದಿದೆ ಎಂಬಂತೆ ಬಾಗಿಲ ಕಡೆ ತಿರುಗಿದಳು.