ಬಾವಿಯ ಬಳಿ ನಿಂತ ಕುದುರೆ

ಒದ್ದೆ ಗೋಣಿತಟ್ಟಿನ ವಾಸನೆ ಬಂದರೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಹುಕ್ಕೇರಿಯಿಂದ ಗೋಕಾಕದವರೆಗೆ ಕುದುರೆಗಳ ಓಟದ ಶರ್ಯತ್ತು ನಡೆದಿತ್ತು. ದಾರಿಬದಿಯ ನಮ್ಮ ಬಾವಿಯ ಹತ್ತಿರ ನಿಂತ ಕುದುರೆಗಳಿಗೆ ನನ್ನ ಅಜ್ಜಿ ನೀರು ಸೇದಿ ಕುಡಿಸುತ್ತಿದ್ದಳು. ನಾನು ಗೋಣಿತಟ್ಟು ನೆನೆಸಿ ಅವುಗಳ ಕಾಲು ಒರೆಸುತ್ತಿದ್ದೆ. ಎಲ್ಲರಿಗಿಂತ ಕೊನೆಗೆ ಟಾಂಗಾ ಹೊಡೆಯುವ ಹುಸೇನಸಾಬ ತನ್ನ ಕೆಂಪು ಕುದುರೆಯ ಮೇಲೆ ಬಂದ. ಅದು ನೀರಿಗೆ ಬಾಯಿ ಹಚ್ಚಲಿಲ್ಲ. ಅಜ್ಜಿ ಅದರ ಕಿವಿ ಮುಟ್ಟಿ ನೋಡಿದಳು.

"ಇಳಿಯೋ ತಮ್ಮಾ. ಇದು ಇನ್ನ ಮುಂದ ಬರೂದಿಲ್ಲ."

"ಬಸ್ಸು ಬಂದ ಮ್ಯಾಲ ನನ್ನ ಟಾಂಗಾ ಯಾರೂ ಹತ್ತವಲ್ರು, ಅಮ್ಮಾ. ಇದು ಗೆದ್ರ ಮಂದಿ ಇದರ ಹೆಸರು ಕೇಳಿ ಬರ್ತಿದ್ರು," ಎನ್ನುತ್ತಲೇ ಅವನು ಇಳಿದ.

ಜೀನು ಬಿಚ್ಚುವಷ್ಟರಲ್ಲಿ ಕುದುರೆ ಮೊಣಕಾಲೂರಿ ಮಗ್ಗುಲಿಗೆ ಬಿತ್ತು. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕುತ್ತಿಗೆಗೆ ನೀರು ಹಾಕುತ್ತಲೇ ಕುಳಿತ. ಬಿಸಿಲು ಇಳಿಯುತ್ತಿತ್ತು. ಕುದುರೆಯ ಕಣ್ಣಿನ ಮೇಲೆ ನೊಣ ಕೂತಿತು. ರೆಪ್ಪೆ ಅಲುಗಲಿಲ್ಲ.

"ಇನ್ನೊಂದು ಕೊಡ ಸೇದ್ರಿ, ಅಮ್ಮಾ," ಎಂದ ಹುಸೇನಸಾಬ.

ನಾನು ಬಾಯಿ ತೆರೆದೆ. ಅಜ್ಜಿ ನನ್ನ ಭುಜ ಒತ್ತಿ ಹಿಡಿದಳು. ಆಮೇಲೆ ಕೊಡವನ್ನು ಬಾವಿಗೆ ಇಳಿಬಿಟ್ಟಳು.