ಇಪ್ಪತ್ತೊಂಬತ್ತನೇ ದಿನ

ಐಸಿಯು ಬಾಗಿಲಲ್ಲಿ ಕೂತ ಪಕ್ಕದ ಮನೆಯ ಅಕ್ಕನಿಗೆ ಬೆಳಗ್ಗೆ ಫ್ಲಾಸ್ಕಿನಲ್ಲಿ ಕಾಫಿ ಒಯ್ಯಲು ಶುರುಮಾಡಿ ಅವತ್ತಿಗೆ ಇಪ್ಪತ್ತೊಂಬತ್ತು ದಿನ. ಒಳಗೆ ಅವರ ಯಜಮಾನರು, ಸ್ಟ್ರೋಕ್ ಆಗಿ ಅಷ್ಟೇ ದಿನದಿಂದ ಮಲಗಿದ್ದರು.

"ಒಡಹುಟ್ಟಿದವರೇ ಎರಡು ದಿನ ಬಂದು ಸುಮ್ಮನಾದರು. ನೀನೊಬ್ಬ ಒಂದು ದಿನವೂ ತಪ್ಪಿಸಲಿಲ್ಲ ನೋಡು," ಅಂದರು ಅಕ್ಕ.

ನಾನು ಲೋಟಕ್ಕೆ ಕಾಫಿ ಬಗ್ಗಿಸಿ ಕೊಟ್ಟೆ. ಅವರ ಯಜಮಾನರಿಗೆ ಗಂಭೀರ ಕಾಯಿಲೆಯ ವಿಮೆ ಮಾಡಿಸಿದ ಏಜೆಂಟ್ ನಾನೇ. ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ ಕಡೆಯೆಲ್ಲ ಸಹಿ ಹಾಕಿಸಿಕೊಂಡು, "ಕಾಯಿಲೆ ಅಂತ ಗೊತ್ತಾದರೆ ಸಾಕು, ದುಡ್ಡು ಬಂತು ಅಂತಲೇ ಲೆಕ್ಕ" ಅಂದಿದ್ದೆ. ಒಂದು ಷರತ್ತಿನ ಬಗ್ಗೆ ಮಾತ್ರ ಬಾಯಿಬಿಟ್ಟಿರಲಿಲ್ಲ.

ಇನ್ನು ತಡೆಯಲಾಗಲಿಲ್ಲ.

"ಅಕ್ಕಾ, ಕಾಯಿಲೆ ಗೊತ್ತಾದ ಮೇಲೆ ಮೂವತ್ತು ದಿನ ಜೀವ ಇದ್ದರಷ್ಟೇ ಆ ದುಡ್ಡು. ನಡುವೆ ಏನಾದರೂ ಆದರೆ ಬಿಡಿಗಾಸೂ ಬರಲ್ಲ. ಇದನ್ನ ಹೇಳಿದರೆ ಪಾಲಿಸಿ ಬೇಡ ಅಂದುಬಿಡ್ತೀರಿ ಅಂತ ಮುಚ್ಚಿಟ್ಟೆ. ದಿನಾ ಇಲ್ಲಿಗೆ ಓಡಿಬರ್ತಿದ್ದಿದ್ದು ಆ ಭಯಕ್ಕೆ. ತಪ್ಪಾಯ್ತು."

ಅವರು ಲೋಟ ಕೆಳಗಿಟ್ಟರು. ಬೈಯಲಿ ಎಂದು ಕಾದೆ.

"ಗೊತ್ತಪ್ಪ. ಇವರನ್ನ ಇಲ್ಲಿಗೆ ಸೇರಿಸಿದ ದಿನವೇ ಕನ್ನಡಕ ಹಾಕ್ಕೊಂಡು ಪಾಲಿಸಿ ಕಾಗದ ಎಲ್ಲ ಓದಿದೆ."

"ಮತ್ತೆ ನನ್ನನ್ನ ಯಾಕೆ ಕೇಳಲಿಲ್ಲ?"

"ಯಾವ ಬಾಯಲ್ಲಿ ಕೇಳಲಿ? ಇನ್ನು ಆಸೆ ಇಲ್ಲ, ಸುಮ್ಮನೆ ನರಳಿಸೋದು ಬೇಡ, ಉಸಿರಾಟದ ಮಷಿನ್ ತೆಗೆಯೋಣ ಅಂತ ಡಾಕ್ಟರು ಹೇಳಿ ಹನ್ನೊಂದು ದಿನ ಆಯ್ತು. ನಾಳೆಗೆ ಮೂವತ್ತು ದಿನ; ಅದೊಂದು ದಾಟಲಿ ಅಂತ ತಡೆದಿರೋಳು ನಾನು."